ಕೊರೆಯುವ ನೀರಿಗೆ ತಕ್ಕ ಉಡುಪು

2015ರ ಡಿಸೆಂಬರ್ 8ರಂದು ಚಿಲಿಯ ಪೆಟಗೋನಿಯಾದಲ್ಲಿ, ಜನರಲ್ ಕರೇರಾ ಎಂಬ ವಿಶಾಲ ಸರೋವರದ ಅಲೆಗಳಿಗೆ ಸಿಕ್ಕಿ ಇಬ್ಬರು ಕೂರುವ ಕಯಾಕೊಂದು ಮಗುಚಿತು. ಚುಕ್ಕಾಣಿ ಕೈಕೊಟ್ಟಿತ್ತು, ಗಾಳಿ ಎದ್ದಿತ್ತು. ನೀರಿಗೆ ಬಿದ್ದವರಲ್ಲಿ ಒಬ್ಬರು ಡಗ್ಲಸ್ ಟಾಂಪ್ಕಿನ್ಸ್. ಪರ್ವತಗಳನ್ನು ಹತ್ತಿದವರು, ನದಿಗಳನ್ನು ಬಲ್ಲವರು, ಚಳಿಯ ಉಡುಪಿಗೂ ಡೇರೆಗಳಿಗೂ ಹೆಸರಾದ ‘ದಿ ನಾರ್ತ್ ಫೇಸ್’ ಸಂಸ್ಥೆಯನ್ನು ಹುಟ್ಟುಹಾಕಿದವರು, ಮುಂದೆ ಅದೇ ಪೆಟಗೋನಿಯಾದಲ್ಲಿ ಲಕ್ಷಾಂತರ ಎಕರೆ ನೆಲ ಕೊಂಡು ಕಾಡಾಗಿಯೇ ಉಳಿಸಿದವರು. ಸರೋವರದ ನೀರು 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿತ್ತು. ಜೊತೆಗಾರರು ಅವರನ್ನು ಎಳೆದು ತರಲು ಹೆಣಗಿದರು, ಹೆಲಿಕಾಪ್ಟರ್ ಬಂತು. ಆದರೂ ಮೈಯ ಶಾಖ ಇಳಿದುಹೋಗಿ, ಕೊಯಾಯಿಕೆ ಪಟ್ಟಣದ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ವಯಸ್ಸು 72. ಭೂಮಿಯ ಆ ಅರ್ಧದಲ್ಲಿ ಡಿಸೆಂಬರ್ ಎಂದರೆ ಬೇಸಿಗೆ.

ಅಷ್ಟು ಅನುಭವಿಯೊಬ್ಬರ ಸಾವನ್ನು ಅಜಾಗರೂಕತೆ ಎಂದು ಷರಾ ಬರೆದು ಮುಚ್ಚಿಡುವುದು ಸುಲಭ. ಅದು ನ್ಯಾಯವಲ್ಲ, ಅದರಿಂದ ಯಾರಿಗೂ ಉಪಯೋಗವೂ ಇಲ್ಲ. ನಾವೆಲ್ಲರೂ ಬಟ್ಟೆ ಹಾಕಿಕೊಳ್ಳುವುದು ಮನೆಯಿಂದ ಹೊರಗೆ ಕಾಲಿಟ್ಟಾಗ ಮೈಗೆ ತಾಗುವ ಗಾಳಿಯನ್ನು ನೋಡಿಯೇ. ಬಿಸಿಲಿದ್ದರೆ ತೆಳು ಅಂಗಿ, ಮೋಡವಿದ್ದರೆ ಸ್ವೆಟರ್. ನೆಲದ ಮೇಲೆ ಈ ಲೆಕ್ಕ ತಪ್ಪುವುದಿಲ್ಲ. ನೀರಿನ ಮೇಲೆ ಇದೇ ಲೆಕ್ಕ ಪ್ರಾಣ ತೆಗೆಯುತ್ತದೆ. ಶೀತ ಪ್ರದೇಶಗಳಲ್ಲಿ ದೋಣಿ ನಡೆಸುವವರಿಗೆ ಮೈಗೆ ನೀರು ತಾಗದಂತೆ ತಡೆಯುವ ಡ್ರೈಸೂಟ್ ಆರಿಸಿಕೊಳ್ಳುವ ಪ್ರಶ್ನೆ ಎದುರಾದಾಗ ಮಾತು ಬೇಗನೆ ಬೆಲೆ, ಬ್ರ್ಯಾಂಡ್, ಬಣ್ಣಗಳ ಕಡೆ ಹೊರಳುತ್ತದೆ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಸಂಗತಿ ಒಂದಿದೆ: ಆ ಸೂಟು ಯಾವ ದಿನ ನಿಮ್ಮ ಮೈಮೇಲಿರುತ್ತದೆ? ಹಿಮ ಬೀಳುವ ದಿನ ಯಾರು ಬೇಕಾದರೂ ಅದನ್ನು ತೊಡುತ್ತಾರೆ. ಗಾಳಿ ಹಿತವಾಗಿದ್ದು ನೀರು ಮಾತ್ರ ಕೊರೆಯುವ ದಿನ ಯಾವ ಸೂಟನ್ನು ನೀವು ಗೊಣಗದೆ ತೊಡುತ್ತೀರೋ ಅದೇ ಸರಿಯಾದ ಸೂಟು. ಉಳಿದ ಆಯ್ಕೆಗಳೆಲ್ಲ ಇದರ ಹಿಂದೆ ಬರಬೇಕು ಎಂಬುದು ನನ್ನ ವಾದ.

ನಾವು ಕನ್ನಡನಾಡಿನವರು ನೀರನ್ನು ಕಲಿತದ್ದು ಬೆಚ್ಚನೆಯ ನೀರಿನಲ್ಲಿ. ತೋಟದ ಬಾವಿ, ಊರ ಕೆರೆ, ತುಂಗೆಯ ಮಡು. ದಾಂಡೇಲಿಯ ಕಾಳಿ ನದಿಯಲ್ಲಿ ಚಡ್ಡಿ, ಬನಿಯನ್ನಿನ ಮೇಲೆ ಲೈಫ್ ಜಾಕೆಟ್ ಬಿಗಿದು ರಾಫ್ಟ್ ಹತ್ತುತ್ತೇವೆ. ಮಲ್ಪೆ, ಕಾರವಾರದ ಕಡಲು ಜನವರಿಯಲ್ಲೂ ಬೆಚ್ಚಗೇ ಇರುತ್ತದೆ. ಇಲ್ಲಿ ನೀರಿಗೆ ಬಿದ್ದವನನ್ನು ಉಳಿಸುವುದು ಈಜು. ಹಾಗಾಗಿ ಈಜು ಬರುತ್ತದಲ್ಲ, ಹೆದರಿಕೆ ಏಕೆ ಎಂಬ ಮಾತು ನಮ್ಮಲ್ಲಿ ತಲೆಮಾರುಗಳಿಂದ ನಿಜವಾಗಿದೆ. ಆದರೆ ಇದೇ ತಿಳಿವಳಿಕೆಯನ್ನು ಹೊತ್ತು ನಮ್ಮವರು ಸಿಯಾಟಲ್, ಟೊರಾಂಟೊ, ಎಡಿನ್‌ಬರೋಗಳಿಗೆ ಹೋಗಿ ನೆಲೆಸಿದ್ದಾರೆ, ವಾರಾಂತ್ಯಕ್ಕೆ ಕಯಾಕ್ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಸಿಯಾಟಲ್ ನಗರದ ಮಗ್ಗುಲಲ್ಲೇ ಇರುವ ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳಿನ ನೀರು ವರ್ಷದ ಬಹುಪಾಲು 8ರಿಂದ 13 ಡಿಗ್ರಿಯೊಳಗೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಬಿಸಿಲು 20 ಡಿಗ್ರಿ ದಾಟಿದಾಗ ಊರಿಗೆ ಊರೇ ನೀರಿನ ಕಡೆ ಹೊರಡುತ್ತದೆ. ಬೆಟ್ಟದಿಂದಿಳಿಯುವ ನದಿಗಳಲ್ಲಿ ಆಗ ಹರಿಯುವುದು ಕರಗಿದ ಹಿಮ. ಅಮೆರಿಕ, ಕೆನಡಾ ಗಡಿಯ ಸುಪೀರಿಯರ್ ಸರೋವರದಲ್ಲಂತೂ ಜೂನ್ ಮೊದಲ ವಾರದಲ್ಲೂ ನಡುನೀರು ಫ್ರಿಜ್ಜಿನೊಳಗಿನ ನೀರಿಗಿಂತ ಹೆಚ್ಚು ಬೆಚ್ಚಗಿರುವುದಿಲ್ಲ. ಚಳಿಗಾಲದ ಅಪಾಯ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಮನೆಯಲ್ಲೇ ಉಳಿಯುತ್ತಾರೆ. ವಸಂತದ ಅಪಾಯ ಕಾಣುವುದಿಲ್ಲ.

ತಣ್ಣೀರು ಮೈಗೆ ಏನು ಮಾಡುತ್ತದೆ ಎಂಬ ಬಗ್ಗೆ ಬಹುಕಾಲ ಒಂದು ತಪ್ಪು ತಿಳಿವಳಿಕೆ ಇತ್ತು. ಮೈ ನಿಧಾನವಾಗಿ ತಣಿದು, ಮಂಪರು ಕವಿದು, ಕೊನೆಗೆ ಪ್ರಜ್ಞೆ ತಪ್ಪುತ್ತದೆ, ಅಷ್ಟರಲ್ಲಿ ದಡ ಸೇರಿದರಾಯಿತು ಎಂದುಕೊಂಡಿದ್ದೆವು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಮತ್ತು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನ ಮೈಕ್ ಟಿಪ್ಟನ್ ಅವರಂಥ ಶರೀರವಿಜ್ಞಾನಿಗಳು ದಶಕಗಳ ಕಾಲ ಪ್ರಯೋಗ ಮಾಡಿ ತೋರಿಸಿದ್ದು ಬೇರೆಯೇ ಚಿತ್ರ. ಗೀಸ್‌ಬ್ರೆಕ್ಟ್ ಅದನ್ನು 1-10-1 ಎಂಬ ಮೂರು ಅಂಕಿಗಳಲ್ಲಿ ಹೇಳುತ್ತಾರೆ. ಮೊದಲ ಒಂದು ನಿಮಿಷ ಉಸಿರಿನದು. ಚರ್ಮ ಥಟ್ಟನೆ ತಣಿದಾಗ ಎದೆ ತಾನಾಗಿ ಒಂದು ದೊಡ್ಡ ಉಸಿರೆಳೆಯುತ್ತದೆ. ಇದಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಆ ಕ್ಷಣ ಮುಖ ನೀರೊಳಗಿದ್ದರೆ ಒಳಹೋಗುವುದು ನೀರು. ಅದರ ಬೆನ್ನಿಗೆ ಏದುಸಿರು, ರಕ್ತದೊತ್ತಡದ ಏರಿಕೆ, ಗುಂಡಿಗೆಯ ಮೇಲೆ ಭಾರ. ಮುಂದಿನ ಹತ್ತು ನಿಮಿಷ ಕೈಕಾಲುಗಳದು. ಅಷ್ಟರಲ್ಲಿ ಬೆರಳು, ಮುಂಗೈಗಳ ನರಸ್ನಾಯುಗಳು ತಣಿದು, ಹಗ್ಗ ಹಿಡಿಯುವ, ದೋಣಿಯೇರುವ, ಈಜುವ ಶಕ್ತಿ ಸೋರಿಹೋಗುತ್ತದೆ. ಕೊನೆಯ ಒಂದು ಗಂಟೆ ಪ್ರಜ್ಞೆ ಉಳಿಯುವ ಅವಧಿ. ಅಂದರೆ ನಾವು ಹೆದರುತ್ತಿದ್ದ ಶಾಖನಷ್ಟ ಬರುವುದು ಕಟ್ಟಕಡೆಗೆ, ಬಹಳಷ್ಟು ಜನ ಅಲ್ಲಿಯವರೆಗೆ ಬದುಕಿಯೇ ಇರುವುದಿಲ್ಲ. ಲೈಫ್ ಜಾಕೆಟ್ ಇದ್ದರೆ ಮುಳುಗುವುದಿಲ್ಲ, ನಿಜ. ಆದರೆ 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದ ರಾತ್ರಿ ನೀರಿನಲ್ಲಿದ್ದ ನೂರಾರು ಜನರಿಗೆ ತೇಲುವ ಜಾಕೆಟ್ ಇತ್ತು. ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿದ್ದ ಆ ಉಪ್ಪುನೀರಿನಲ್ಲಿ ಅವರು ತೇಲುತ್ತಲೇ ಸತ್ತರು.

ಪಳಗಿದ ಕಯಾಕಿಗರಿಂದ ಒಂದು ಆಕ್ಷೇಪ ಬರುತ್ತದೆ. ದೋಣಿ ಮಗುಚಿದರೆ ಸೊಂಟ ತಿರುಗಿಸಿ, ಹುಟ್ಟು ಬೀಸಿ ಮೇಲೇಳುವ ‘ರೋಲ್’ ನಮಗೆ ಕರಗತ, ನೀರಿಗೆ ಬೀಳುವ ಪ್ರಸಂಗವೇ ಬರುವುದಿಲ್ಲ ಎನ್ನುತ್ತಾರೆ. ಕೌಶಲದ ಬಗ್ಗೆ ನನಗೆ ಗೌರವವಿದೆ, ಅದಿಲ್ಲದೆ ಬರೀ ಸೂಟು ತೊಟ್ಟು ಕಡಲಿಗಿಳಿಯುವವರನ್ನು ನಾನು ಮೆಚ್ಚುವುದಿಲ್ಲ. ಆದರೆ ಬೆಚ್ಚನೆಯ ಕೋಣೆಯಲ್ಲಿ ಒಂದು ನಿಮಿಷ ಉಸಿರು ಕಟ್ಟಬಲ್ಲವರು ಕೊರೆಯುವ ನೀರಿನಲ್ಲಿ ಹತ್ತು ಸೆಕೆಂಡ್ ಕಟ್ಟುವುದೂ ಕಷ್ಟ ಎಂದು ಟಿಪ್ಟನ್ ಅವರ ಪ್ರಯೋಗಗಳು ತೋರಿಸಿವೆ. ತಲೆಕೆಳಗಾಗಿ ನೇತಾಡುವಾಗ ರೋಲ್‌ಗೆ ಬೇಕಾದದ್ದೇ ಆ ಉಸಿರು. ಮೊದಲ ಯತ್ನ ತಪ್ಪಿದರೆ ಎರಡನೆಯದಕ್ಕೆ ಅದು ಉಳಿದಿರುವುದಿಲ್ಲ. ಕೌಶಲವನ್ನು ಕೆಲಸಕ್ಕೆ ಬರುವಂತೆ ಉಳಿಸಿಕೊಡುವುದೇ ಉಡುಪು.

ಹಾಗಾದರೆ ಆ ಉಡುಪು ಮಾಡುವುದೇನು? ಅದು ಚರ್ಮಕ್ಕೆ ನೀರು ತಾಗದಂತೆ ತಡೆಯುತ್ತದೆ, ಅಷ್ಟೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸೆಳೆದೊಯ್ಯುತ್ತದೆ. ಚರ್ಮಕ್ಕೂ ನೀರಿಗೂ ನಡುವೆ ಗಾಳಿಯ ಪದರ ಉಳಿದರೆ ಮೊದಲ ನಿಮಿಷದ ಹೊಡೆತ ಬಹುಮಟ್ಟಿಗೆ ತಪ್ಪುತ್ತದೆ, ಹತ್ತು ನಿಮಿಷ ಬಹುದೂರ ಹಿಗ್ಗುತ್ತದೆ. ಆದರೆ ಸೂಟಿನ ಬಟ್ಟೆಗೆ ತನ್ನದೇ ಆದ ಬಿಸುಪಿಲ್ಲ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಗದ್ದೆಗಿಳಿಯುವವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ: ಪ್ಲಾಸ್ಟಿಕ್ಕು ನೀರು ತಡೆಯುತ್ತದೆ, ಬೆಚ್ಚಗಿಡುವುದು ಕಂಬಳಿ. ಡ್ರೈಸೂಟಿನೊಳಗೆ ಉಣ್ಣೆ ಅಥವಾ ಫ್ಲೀಸ್ ತೊಡಬೇಕು. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಬೇಡ. ಕೈಗೆ ನಿಯೋಪ್ರೀನ್ ರಬ್ಬರಿನ ಗವಸು, ತಲೆಗೆ ಟೋಪಿ ಬೇರೆಯೇ ಬೇಕು. ಸೂಟು ಅವೆರಡನ್ನೂ ಮುಚ್ಚುವುದಿಲ್ಲ.

ವೆಟ್‌ಸೂಟ್‌ನ ರೀತಿ ಬೇರೆ. ಅದು ಮೈಗಂಟುವ ನಿಯೋಪ್ರೀನ್ ರಬ್ಬರಿನದು. ನೀರನ್ನು ತೆಳುವಾಗಿ ಒಳಬಿಟ್ಟುಕೊಂಡು ಅಲ್ಲೇ ಹಿಡಿದಿಡುತ್ತದೆ, ಮೈಶಾಖದಿಂದ ಆ ನೀರು ಬೆಚ್ಚಗಾಗುತ್ತದೆ. ಅಗ್ಗ, ಗಟ್ಟಿಮುಟ್ಟು, ಹರಿದರೂ ಕೆಲಸ ಮಾಡುತ್ತದೆ. ಸದಾ ನೀರಿನಲ್ಲೇ ಇರುವ ಸರ್ಫರ್‌ಗಳಿಗೆ ಅದೇ ಸರಿ. ದೋಣಿಯಲ್ಲಿ ಕುಳಿತವರ ಸ್ಥಿತಿ ಹಾಗಲ್ಲ. ಒಮ್ಮೆ ತೊಯ್ದ ಮೇಲೆ ಗಂಟೆಗಟ್ಟಲೆ ಗಾಳಿಗೆ ಮೈಯೊಡ್ಡಿ ಹುಟ್ಟುಹಾಕಬೇಕು. ಒದ್ದೆ ರಬ್ಬರಿನಿಂದ ಆವಿಯಾಗುವ ನೀರು ಶಾಖ ಕದಿಯುತ್ತಲೇ ಇರುತ್ತದೆ. ನೀರು 15 ಡಿಗ್ರಿಗಿಂತ ಮೇಲಿದ್ದು, ದಡ ಹತ್ತಿರವಿದ್ದು, ಜೊತೆಗೆ ಜನರಿದ್ದರೆ ಒಳ್ಳೆಯ ವೆಟ್‌ಸೂಟ್ ಸಾಕು ಎನ್ನುತ್ತೇನೆ. 10 ಡಿಗ್ರಿಗಿಂತ ಕೆಳಗೆ ಡ್ರೈಸೂಟ್ ಬಿಟ್ಟು ಬೇರೆ ಮಾತಿಲ್ಲ. ನಡುವಿನ ಐದು ಡಿಗ್ರಿಗಳಲ್ಲಿ ದಡದ ದೂರ, ಗಾಳಿ, ವಯಸ್ಸು, ಗುಂಡಿಗೆಯ ಆರೋಗ್ಯ ಎಲ್ಲವನ್ನೂ ತೂಗಬೇಕು. ಅನುಮಾನ ಬಂದರೆ ಡ್ರೈಸೂಟಿನ ಕಡೆಗೇ ವಾಲಬೇಕು.

ಇಲ್ಲಿ ಹಣದ ಪ್ರಶ್ನೆ ಬರುತ್ತದೆ, ಅದನ್ನು ಪಕ್ಕಕ್ಕೆ ತಳ್ಳುವ ಹಾಗಿಲ್ಲ. ಒಳ್ಳೆಯ ಡ್ರೈಸೂಟ್ ಒಂದಕ್ಕೆ ಅಮೆರಿಕದಲ್ಲಿ ಸಾವಿರ ಡಾಲರ್ ದಾಟುತ್ತದೆ. ಎಷ್ಟೋ ಬಾರಿ ಅದು ಕಯಾಕಿಗಿಂತ ದುಬಾರಿ. ಮೊದಲ ವರ್ಷ ಹೇಗೋ ಸಾಗಲಿ, ಹವ್ಯಾಸ ಉಳಿದರೆ ಕೊಂಡರಾಯಿತು ಎಂದು ಹೊಸಬರಿಗೆ ಹೇಳುವವರಿದ್ದಾರೆ. ಇದು ತಲೆಕೆಳಗಾದ ಸಲಹೆ. ದೋಣಿ ಮಗುಚುವುದು, ಗಾಬರಿಯಾಗುವುದು, ಮತ್ತೆ ಏರಲಾಗದೆ ಒದ್ದಾಡುವುದು ಹೆಚ್ಚು ನಡೆಯುವುದೇ ಮೊದಲ ವರ್ಷದಲ್ಲಿ. ಹಣ ಕಡಿಮೆಯಿದ್ದರೆ ಅಗ್ಗದ ದೋಣಿ ಕೊಳ್ಳಿ, ಹಳೆಯ ಹುಟ್ಟು ಕೊಳ್ಳಿ. ಅದೂ ಆಗದಿದ್ದರೆ ಋತುವನ್ನೇ ಬದಲಿಸಿ, ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಬೆಚ್ಚಗಾಗುವ ಸಣ್ಣ ಸರೋವರಗಳಲ್ಲಿ ಮಾತ್ರ ದೋಣಿ ನಡೆಸಿ. ಸೂಟಿಲ್ಲದೆ ಬೇಸಿಗೆಗೆ ಕಾಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಸೂಟಿದ್ದರೆ ಹುಚ್ಚು ಧೈರ್ಯ ಬರುತ್ತದೆ ಎಂಬ ಇನ್ನೊಂದು ವಾದವೂ ಕೇಳಿಬರುತ್ತದೆ. ಕೆಲವರಿಗೆ ಬರುತ್ತದೆ, ಸುಳ್ಳಲ್ಲ. ಆದರೆ ಆ ಧೈರ್ಯಕ್ಕೆ ಮದ್ದು ತರಬೇತಿ. ಮೈಯನ್ನು ಬರಿದಾಗಿಟ್ಟು ವಿವೇಕ ಕಲಿಸಲು ಹೊರಟರೆ ಪಾಠ ಮುಗಿಯುವ ಮೊದಲೇ ವಿದ್ಯಾರ್ಥಿ ಇಲ್ಲವಾಗುತ್ತಾನೆ.

ಕೊಳ್ಳುವುದೆಂದು ನಿಶ್ಚಯಿಸಿದ ಮೇಲೆ ನಾನು ಮೊದಲು ನೋಡುವುದು ಕುತ್ತಿಗೆಯನ್ನು. ಡ್ರೈಸೂಟ್‌ಗಳ ಕುತ್ತಿಗೆ, ಮಣಿಕಟ್ಟುಗಳಿಗೆ ನೀರು ನುಗ್ಗದಂತೆ ತೆಳು ಲೇಟೆಕ್ಸ್ ಪಟ್ಟಿ ಇರುತ್ತದೆ. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಮರ ಗೀರಿ ಇಳಿಸುವ ರಬ್ಬರ್ ಹಾಲಿನದೇ ವಸ್ತು ಅದು. ಬಿಸಿಲು, ಎಣ್ಣೆ, ಸನ್‌ಸ್ಕ್ರೀನ್, ಸೊಳ್ಳೆ ಓಡಿಸುವ ಮುಲಾಮು, ಎಲ್ಲಕ್ಕೂ ಅದು ಸೋಲುತ್ತದೆ. ಕೆಲವು ವರ್ಷಗಳಲ್ಲಿ ಜಿಗುಟಾಗಿ ಅಥವಾ ಸೀಳಿ ಬದಲಿಸಬೇಕಾಗುತ್ತದೆ. ಹೊಸ ಸೂಟಿನ ಕುತ್ತಿಗೆ ಉಸಿರುಗಟ್ಟಿಸುವಷ್ಟು ಬಿಗಿ ಅನ್ನಿಸುವುದು ಸಹಜ. ಬಹಳ ಜನ ಡ್ರೈಸೂಟ್ ತೊಡದೆ ಕಾರಿನಲ್ಲೇ ಬಿಡುವುದು ಈ ಬಿಗಿತಕ್ಕೆ ಹೆದರಿ. ಪರಿಹಾರ ಸರಳವಾದದ್ದು. ರಾತ್ರಿಯಿಡೀ ಒಂದು ಪಾತ್ರೆಯ ಸುತ್ತ ಎಳೆದಿಟ್ಟರೆ ಲೇಟೆಕ್ಸ್ ಸಡಿಲವಾಗುತ್ತದೆ. ಸಾಲದಿದ್ದರೆ ಅದರ ಮೇಲಿನ ಗೆರೆಗುಂಟ ಚೂಪು ಕತ್ತರಿಯಿಂದ ಒಂದೊಂದೇ ಉಂಗುರ ಕತ್ತರಿಸುತ್ತಾ ಹೋಗಬೇಕು. ಅಂಚು ಹಲ್ಲುಹಲ್ಲಾದರೆ ಅಲ್ಲಿಂದಲೇ ಸೀಳುತ್ತದೆ. ಲೇಟೆಕ್ಸ್ ಒಗ್ಗದವರಿಗೆ ಸಿಲಿಕೋನ್ ಪಟ್ಟಿಗಳಿವೆ. ನಿಯೋಪ್ರೀನ್ ಕುತ್ತಿಗೆಯ, ಅರೆಒಣ ಎನ್ನಬಹುದಾದ ಸೂಟುಗಳೂ ಇವೆ. ನೀರೊಳಗೆ ಹೆಚ್ಚು ಹೊತ್ತಿದ್ದರೆ ಇವು ಸ್ವಲ್ಪ ಒಸರುತ್ತವೆ. ಆದರೂ ದಿನವೆಲ್ಲ ತೊಡಲು ಸುಖ. ಲೇಟೆಕ್ಸ್ ಎಂದರೆ ಉಸಿರು ಕಟ್ಟಿದಂತಾಗುವವರು ತೊಡುವ ಅರೆಒಣ ಸೂಟು, ಅವರು ತೊಡದೇ ಇಡುವ ಪೂರ್ಣ ಒಣ ಸೂಟಿಗಿಂತ ಮೇಲು.

ಎರಡನೆಯದು ಮೂತ್ರವಿಸರ್ಜನೆಯ ಜಿಪ್. ಈ ಮಾತನ್ನು ಅಂಗಡಿಗಳಲ್ಲಿ ತಗ್ಗಿದ ದನಿಯಲ್ಲಿ ಆಡುತ್ತಾರೆ, ನಮ್ಮವರಂತೂ ಆಡುವುದೇ ಇಲ್ಲ. ಆದರೆ ಇದು ಸುರಕ್ಷತೆಯ ವಿಷಯ. ಸೂಟಿನಿಂದ ಹೊರಬರುವುದು ಕಷ್ಟವೆಂದು ಬೆಳಗಿನಿಂದ ನೀರು ಕುಡಿಯದೆ ಹುಟ್ಟುಹಾಕುವವರು, ಅದರಲ್ಲೂ ಹೆಂಗಸರು, ಸಂಜೆಯ ಹೊತ್ತಿಗೆ ಬಳಲಿರುತ್ತಾರೆ, ತಲೆ ಭಾರವಾಗಿರುತ್ತದೆ. ನೀರಿನ ಮೇಲೆ ತಪ್ಪು ತೀರ್ಮಾನಗಳು ಹುಟ್ಟುವುದು ಅಂಥ ಹೊತ್ತಿನಲ್ಲೇ. ಗಂಡಸರ ಸೂಟುಗಳಲ್ಲಿ ಮುಂದೆ ಒಂದು ಅಡ್ಡ ಜಿಪ್ ಇದ್ದರೆ ಸಾಕು. ಹೆಂಗಸರಿಗೆ ಹಿಂಬದಿ ಪೂರ್ತಿ ತೆರೆಯುವ ಜಿಪ್ ಇರುವ ಸೂಟುಗಳು ಬಂದಿವೆ. ಅದಕ್ಕೆ ಇನ್ನೂರು, ಮುನ್ನೂರು ಡಾಲರ್ ಹೆಚ್ಚು ತೆರಬೇಕಾದರೂ ತೆರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಹೆಂಡತಿಗೆ ಅದಿಲ್ಲದ ಅಗ್ಗದ ಸೂಟನ್ನೋ ತನ್ನದೇ ಹಳೆಯ ಸೂಟನ್ನೋ ಕೊಟ್ಟು, ಅವಳಿಗೆ ದೋಣಿಯಲ್ಲಿ ಆಸಕ್ತಿಯಿಲ್ಲ ಎನ್ನುವುದು ಅನ್ಯಾಯ. ಹೆಂಗಸರ ಅಳತೆಗೇ ಹೊಲಿದ ಸೂಟುಗಳಿರುವಾಗ ಗಂಡಸರ ಸಣ್ಣ ಅಳತೆಯನ್ನು ಅವರ ಮೇಲೆ ಹೇರಬಾರದು.

ಮುಖ್ಯ ಜಿಪ್ ಎದೆಯ ಮೇಲೆ ಓರೆಯಾಗಿದ್ದರೆ ಒಬ್ಬರೇ ಹಾಕಿಕೊಳ್ಳಬಹುದು. ಬೆನ್ನ ಹಿಂದಿದ್ದರೆ ಇನ್ನೊಬ್ಬರ ಕೈ ಬೇಕು. ಹಿತ್ತಾಳೆ ಹಲ್ಲಿನದಾದರೂ ಪ್ಲಾಸ್ಟಿಕ್ಕಿನದಾದರೂ ಉಪ್ಪು ತೊಳೆದು, ಅದಕ್ಕೆ ಹೇಳಿದ ಮೇಣವನ್ನೋ ಗ್ರೀಸನ್ನೋ ಸವರಿ, ಮಡಿಕೆ ಬೀಳದಂತೆ ಇಡಬೇಕು. ಪಾದಕ್ಕೆ ಕಣಕಾಲಿನ ಪಟ್ಟಿಗಿಂತ ಸೂಟಿಗೇ ಸೇರಿಸಿದ ಕಾಲುಚೀಲ ಉತ್ತಮ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಬೂದು ಅಲೆಗಳ ನಡುವೆ ನೀಲಿ, ಕಪ್ಪು ಸೂಟಿನ ತಲೆಯೊಂದನ್ನು ಹೆಲಿಕಾಪ್ಟರಿನಿಂದ ಹುಡುಕುವವರ ಕಣ್ಣಿನಿಂದ ಈ ಆಯ್ಕೆ ಮಾಡಬೇಕು.

ಬಟ್ಟೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಹುಟ್ಟುಹಾಕುವುದು ಮೈಮುರಿಯುವ ಕೆಲಸ, ಬೆವರು ಬರುತ್ತದೆ. ಬರೀ ಲೇಪನದ ನೈಲಾನ್ ಆದರೆ ಆ ಬೆವರು ಒಳಗೇ ಹನಿಗಟ್ಟಿ ಉಣ್ಣೆಯನ್ನು ತೋಯಿಸುತ್ತದೆ. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿ ಕಂಡುಕೊಂಡ ಸೂಕ್ಷ್ಮರಂಧ್ರದ ಪೊರೆಯೇ ಮುಂದೆ ಗೋರ್-ಟೆಕ್ಸ್ ಆಯಿತು. ಹನಿಯಾದ ನೀರು ಅದರೊಳಗೆ ನುಗ್ಗಲಾರದು, ಆವಿ ಮಾತ್ರ ಹೊರಹೋಗಬಲ್ಲದು. ಆದರೆ ಈ ಅರಿವು ಪ್ರಯೋಗಾಲಯಕ್ಕಿಂತ ಬಹಳ ಹಳೆಯದು. ಅಲಾಸ್ಕಾದ ಅಲ್ಯೂಟ್, ಯೂಪಿಕ್ ಜನ ಸೀಲ್, ಕಡಲಸಿಂಹಗಳ ಕರುಳನ್ನು ಬಿಡಿಸಿ, ಒಣಗಿಸಿ, ಪಟ್ಟಿಗಳಾಗಿ ಸೇರಿಸಿ, ಹೊಲಿಗೆಯಲ್ಲೂ ನೀರು ಒಸರದಂಥ ನಿಲುವಂಗಿ ಮಾಡುತ್ತಿದ್ದರು. ಗ್ರೀನ್‌ಲ್ಯಾಂಡಿನ ಇನ್ಯೂಟರು ಕಯಾಕಿನ ಬಾಯಿಗೇ ಬಿಗಿದುಕೊಳ್ಳುವ ಸೀಲ್ ಚರ್ಮದ ಅಂಗಿ ತೊಟ್ಟು ಬೇಟೆಗೆ ಹೋಗುತ್ತಿದ್ದರು, ತಿಮಿಂಗಿಲ ಬೇಟೆಗೆಂದು ಎದೆಯ ಬಳಿಯ ತೂತಿನಿಂದ ಒಳಹೊಗುವ ಇಡೀ ಮೈಯ ಚರ್ಮದ ಸೂಟನ್ನೂ ಹೊಲಿದಿದ್ದರು. ಕಯಾಕ್ ಹುಟ್ಟಿದ ನೆಲದಲ್ಲಿ ದೋಣಿ ಮತ್ತು ಉಡುಪು ಒಟ್ಟಿಗೇ ಬೆಳೆದವು. ದೋಣಿಯನ್ನು ಮಾತ್ರ ಎತ್ತಿಕೊಂಡು ಉಡುಪನ್ನು ಬಿಟ್ಟುಬಂದವರು ನಾವು, ಆಮೇಲಿನವರು. ಉಸಿರಾಡುವ ಬಟ್ಟೆಯನ್ನು ಐಷಾರಾಮ ಎನ್ನುವವರಿಗೆ ಇದನ್ನು ನೆನಪಿಸಬೇಕೆನಿಸುತ್ತದೆ.

ಸೂಟು ಮನೆಗೆ ಬಂದ ಮೇಲೆ ದಡದ ಹತ್ತಿರ, ಸೊಂಟದ ನೀರಿನಲ್ಲಿ, ಗೆಳೆಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರೀಕ್ಷಿಸಬೇಕು. ನೀರಿಗಿಳಿಯುವ ಮುನ್ನ ಕುಕ್ಕರಗಾಲಲ್ಲಿ ಕುಳಿತು ಕುತ್ತಿಗೆಯ ಪಟ್ಟಿಯನ್ನು ಬೆರಳಿನಿಂದ ತುಸು ಬಿಡಿಸಿದರೆ ಒಳಗಿನ ಹೆಚ್ಚಿನ ಗಾಳಿ ಹೊರಹೋಗುತ್ತದೆ. ಸೂಟು ಹರಿದರೆ ನೀರು ತುಂಬಿ ತಳಕ್ಕೆ ಎಳೆಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನೀರಿನೊಳಗೆ ನೀರಿಗೆ ತೂಕವಿಲ್ಲ, ಲೈಫ್ ಜಾಕೆಟ್ ತೇಲಿಸುತ್ತಲೇ ಇರುತ್ತದೆ. ಮೇಲೆ ಹತ್ತುವಾಗ ಮಾತ್ರ ಭಾರ, ಒಳಗಿನ ಉಣ್ಣೆ ತೊಯ್ದರೆ ಚಳಿ. ನಿಜವಾದ ಅಪಾಯ ಮರೆವಿನದು. ಜಿಪ್ಪನ್ನು ಮುಕ್ಕಾಲು ಎಳೆದು ಮಾತಿಗೆ ನಿಲ್ಲುವುದು, ಊಟದ ಬಿಡುವಿನ ನಂತರ ಕೆಳಗಿನ ಜಿಪ್ ಮುಚ್ಚದೇ ಇರುವುದು. ಹೊರಡುವ ಮುಂಚೆ ಪರಸ್ಪರ ಜಿಪ್ ನೋಡಿಕೊಳ್ಳುವುದು ಗುಂಪಿನ ರೂಢಿಯಾಗಬೇಕು.

ಇನ್ನೊಂದು ಮಾತು ಹೊರದೇಶದ ನಮ್ಮ ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಬರುವುದು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು ಹಿತವಾಗಿರುತ್ತದೆ, ಅವರಿಗೆ ಏನಾದರೂ ತೋರಿಸಬೇಕೆಂಬ ಆಸೆ ಮಕ್ಕಳಿಗಿರುತ್ತದೆ. ಮಗ ಡ್ರೈಸೂಟ್ ತೊಟ್ಟು ಹಿಂದಿನ ಸೀಟಿನಲ್ಲಿ, ಅರವತ್ತೈದರ ಅಪ್ಪ ಪ್ಯಾಂಟು, ಸ್ವೆಟರಿನ ಮೇಲೆ ಬಾಡಿಗೆಯ ಲೈಫ್ ಜಾಕೆಟ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದುಂಟು. ಆ ದೋಣಿಯಲ್ಲಿ ತಣ್ಣೀರಿನ ಹೊಡೆತ ತಾಳಲಾರದ ಗುಂಡಿಗೆ ಯಾರದೆಂದು ಕೇಳಿಕೊಳ್ಳಬೇಕು. ಕರೆದುಕೊಂಡು ಹೋಗುವವರು ಮೊದಲು ಬಾಡಿಗೆಗಾದರೂ ಸೂಟು ತಂದು ಅತಿಥಿಗೆ ತೊಡಿಸಬೇಕು. ಸಿಗದಿದ್ದರೆ, “ಅಪ್ಪಾ, ಈಗ ನೀರು ಬಹಳ ತಣ್ಣಗಿದೆ, ಆಗಸ್ಟಿನಲ್ಲಿ ಹೋಗೋಣ” ಎನ್ನಬೇಕು. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ, ಆಗಸ್ಟಿನಲ್ಲೂ ಅವರು ಇಲ್ಲೇ ಇರುತ್ತಾರೆ. ಆ ಹೊತ್ತಿಗೆ ಸಿಯಾಟಲ್ ಬಳಿಯ ಸಮಾಮಿಶ್ ಸರೋವರದ ಮೇಲ್ನೀರು 20 ಡಿಗ್ರಿ ದಾಟಿರುತ್ತದೆ.